ಪಂಚರ ಮುಂದೆ ಹೋಗೋಣ, ಕೈಕಟ್ಟಿಕೊಂಡು ಅಲ್ಲ

ಕಾಯಿದೆಗಳು ದಿಲ್ಲಿಯಲ್ಲಿ ಹುಟ್ಟುತ್ತವೆ. ಅವುಗಳ ಬಿಸಿ ತಟ್ಟುವುದು ವಾಡಿಯ ಕಾರ್ಖಾನೆಯ ಗೇಟಿನಲ್ಲಿ, ಸೇಡಮ್ಮಿನ ಸುಣ್ಣಗಲ್ಲಿನ ಗಣಿಯಲ್ಲಿ, ಶಹಾಬಾದಿನ ಫರಸಿ ಖಣಿಯಲ್ಲಿ. ೨೦೨೫ನೆಯ ಇಸವಿ ನವೆಂಬರ್ ೨೧ರಂದು ಕೇಂದ್ರ ಸರಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲೊಂದಾದ ೨೦೨೦ರ ಔದ್ಯೋಗಿಕ ಸಂಬಂಧಗಳ ಸಂಹಿತೆಯು ಮೂರು ಹಳೆಯ ಕಾಯಿದೆಗಳನ್ನು ಒಂದೇ ತುತ್ತಿಗೆ ನುಂಗಿದೆ: ೧೯೨೬ರ ಕಾರ್ಮಿಕ ಸಂಘಗಳ ಕಾಯಿದೆ, ೧೯೪೬ರ ಸ್ಥಾಯೀ ಆಜ್ಞೆಗಳ ಕಾಯಿದೆ, ೧೯೪೭ರ ಔದ್ಯೋಗಿಕ ವಿವಾದಗಳ ಕಾಯಿದೆ. ಮಾಲೀಕನಿಗೂ ಕೂಲಿಕಾರನಿಗೂ ತಗಾದೆ ಬಂದರೆ ಅದನ್ನು ಯಾರ ಮುಂದೆ ಒಯ್ಯಬೇಕು, ಎಷ್ಟು ದಿನದಲ್ಲಿ ಮುಗಿಸಬೇಕು, ಮುಗಿಯದಿದ್ದರೆ ಕೆಲಸ ನಿಲ್ಲಿಸಬಹುದೋ ಇಲ್ಲವೋ ಎಂಬುದನ್ನೆಲ್ಲ ಈಗ ಈ ಸಂಹಿತೆಯೇ ಹೇಳುತ್ತದೆ.

ಈ ಸಂಹಿತೆ ಕಾರ್ಮಿಕರನ್ನು ಕೇಳಿ ಮಾಡಿದ್ದಲ್ಲ. ಸರಕಾರ, ಮಾಲೀಕರು, ಕಾರ್ಮಿಕರು ಒಂದೇ ಮೇಜಿನ ಸುತ್ತ ಕೂಡುವ ಭಾರತೀಯ ಕಾರ್ಮಿಕ ಸಮ್ಮೇಳನವನ್ನು ೨೦೧೫ರ ತರುವಾಯ ಕರೆಯದೆಯೇ, ೨೦೨೦ರ ಸೆಪ್ಟೆಂಬರಿನಲ್ಲಿ, ವಿರೋಧ ಪಕ್ಷಗಳು ಸಭೆಯಿಂದ ಹೊರಗಿದ್ದಾಗ, ಇದನ್ನು ಪಾರ್ಲಿಮೆಂಟಿನಲ್ಲಿ ಪಾಸು ಮಾಡಲಾಯಿತು. ಅದರ ವಿರುದ್ಧದ ಹೋರಾಟ ನಿಲ್ಲತಕ್ಕದ್ದಲ್ಲ. ಆದರೆ ಜಾರಿಗೆ ಬಂದ ಕಾಯಿದೆಯನ್ನು ಬೈಯುತ್ತ ಕೂತರೆ ಸಾಲದು. ಅದರೊಳಗೆ ನಿಂತುಕೊಂಡೇ ನಾಳೆಯ ಪಗಾರದ ಮಾತು ಆಡಬೇಕಾಗಿದೆ. ಆದುದರಿಂದ ತಗಾದೆಗಳ ಇತ್ಯರ್ಥದ ವಿಷಯದಲ್ಲಿ ನಮ್ಮ ನಿಲುವನ್ನು ಸೇಡಮ್, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಕಾರ್ಮಿಕ ಬಂಧುಗಳ ಮತ್ತು ಸಣ್ಣ ವ್ಯಾಪಾರಿ ಮಿತ್ರರ ಮುಂದೆ ಇಡುತ್ತೇವೆ.

ಮೂರು ಬಾಗಿಲುಗಳು

ತಗಾದೆ ಹರಿಯಲು ಬಾಗಿಲು ಮೂರು. ಮೊದಲನೆಯದು ಸಂಧಾನ. ಇಲ್ಲಿ ಸರಕಾರದ ಅಧಿಕಾರಿ ಎರಡೂ ಕಡೆಯವರನ್ನು ಕೂಡಿಸುತ್ತಾನೆ, ಬುದ್ಧಿ ಹೇಳುತ್ತಾನೆ, ಆದರೆ ತೀರ್ಪು ಕೊಡುವ ಅಧಿಕಾರ ಅವನಿಗಿಲ್ಲ. ಎರಡನೆಯದು ಮಧ್ಯಸ್ಥಿಕೆ. ಇಲ್ಲಿ ಎರಡೂ ಕಡೆಯವರು ಒಪ್ಪಿ ಒಬ್ಬ ಪಂಚನನ್ನು ಆರಿಸಿ, ಅವನು ಹೇಳಿದ್ದಕ್ಕೆ ಬದ್ಧರಾಗುತ್ತೇವೆಂದು ಮೊದಲೇ ಬರೆದು ಕೊಡುತ್ತಾರೆ. ಮೂರನೆಯದು ನ್ಯಾಯಮಂಡಲಿ. ಇಲ್ಲಿ ಒಬ್ಬನು ಒಪ್ಪದಿದ್ದರೂ ಇನ್ನೊಬ್ಬನು ಎಳೆದುಕೊಂಡು ಹೋಗಬಹುದು.

ಎರಡನೆಯ ಬಾಗಿಲು ನಮ್ಮ ಜನಕ್ಕೆ ಹೊಸದಲ್ಲ. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಅಡತಿ ಅಂಗಡಿಯ ಲೆಕ್ಕದ ತಕರಾರು ಇವೆಲ್ಲ ಇಂದಿಗೂ ಅನೇಕ ಸಲ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಪಂಚರ ಮುಂದೆ ಹರಿಯುತ್ತವೆ. ಆದರೆ ಕಟ್ಟೆಯ ಪಂಚಾಯಿತಿಯಲ್ಲಿ ಕೂತವರ ಪೈಕಿ ಯಾರಿಗೆ ಎಷ್ಟು ಎಕರೆ ಇದೆ ಎಂಬುದರ ಮೇಲೆ ನ್ಯಾಯ ಅತ್ತಿತ್ತ ವಾಲುವುದನ್ನೂ ನಮ್ಮ ಜನ ಕಂಡಿದ್ದಾರೆ. ಪಂಚನ ಮುಂದೆ ಹೋಗುವವನ ಬೆನ್ನಿಗೆ ಬಲವಿರಬೇಕು, ಇಲ್ಲದಿದ್ದರೆ ಅದು ನ್ಯಾಯವಲ್ಲ, ಉಪದೇಶ. ಈ ಅನುಭವವನ್ನೇ ಕಾರ್ಖಾನೆಯ ಗೇಟಿಗೂ ಒಯ್ಯಬೇಕೆನ್ನುತ್ತೇವೆ.

ಅಹಮದಾಬಾದಿನ ಪಾಠ

ನಮ್ಮ ದೇಶದಲ್ಲಿ ಕಾರ್ಮಿಕ ಮಧ್ಯಸ್ಥಿಕೆಯ ಮಾತು ಬಂದಾಗಲೆಲ್ಲ ೧೯೧೮ರ ಅಹಮದಾಬಾದನ್ನು ನೆನೆಯುತ್ತಾರೆ. ಪ್ಲೇಗಿನ ಬೋನಸ್ಸು ನಿಂತಾಗ ಗಿರಣಿ ಕಾರ್ಮಿಕರು ಶೇಕಡಾ ೩೫ ಹೆಚ್ಚಳ ಕೇಳಿದರು; ಮಾಲೀಕರು ೨೦ಕ್ಕೆ ನಿಂತು ಗಿರಣಿಗಳಿಗೆ ಬೀಗ ಹಾಕಿದರು. ಬಳಿಕ ಮುಷ್ಕರ, ಗಾಂಧೀಜಿಯ ಉಪವಾಸ, ಕೊನೆಗೆ ಒಪ್ಪಂದ: ಮೊದಲ ದಿನ ೩೫, ಎರಡನೆಯ ದಿನ ೨೦, ಮೂರನೆಯ ದಿನದಿಂದ ಪಂಚನ ತೀರ್ಪು ಬರುವ ತನಕ ೨೭½. ಪಂಚರಾದ ಆನಂದಶಂಕರ ಧ್ರುವ ಅವರು ಕಡೆಗೆ ೩೫ನ್ನೇ ಎತ್ತಿಹಿಡಿದರು.

ಇದರಲ್ಲಿ ಉಪವಾಸದ ಮಹಿಮೆಯನ್ನಷ್ಟೇ ಕೊಂಡಾಡುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಪಂಚನ ಹತ್ತಿರ ಹೋಗುವ ಮೊದಲು ಗಿರಣಿಯ ಜನ ವಾರಗಟ್ಟಲೆ ಹಸಿದು ಗಟ್ಟಿಯಾಗಿ ನಿಂತಿದ್ದರು. ಮಾಲೀಕರು ಮಧ್ಯಸ್ಥಿಕೆಗೆ ಒಪ್ಪಿದ್ದು ಆ ಒಗ್ಗಟ್ಟಿನ ಎದುರಿನಲ್ಲಿ. ಇದು ಒಂದು. ತೀರ್ಪು ಬರುವ ತನಕ ಕಾರ್ಮಿಕನ ಕೈಗೆ ಏನು ಬರಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆಸಲಾಗಿತ್ತು. ಇದು ಇನ್ನೊಂದು. ನಡುಗಾಲದ ಪಗಾರವಿಲ್ಲದ ಮಧ್ಯಸ್ಥಿಕೆಯಲ್ಲಿ ಕಾಲವೇ ಮಾಲೀಕನ ವಕೀಲನಾಗುತ್ತದೆ.

೧೯೩೮ರಲ್ಲಿ ಮುಂಬಯಿ ಪ್ರಾಂತದ ಸರಕಾರವು ಇನ್ನೊಂದು ದಾರಿ ಹಿಡಿಯಿತು. ಸಂಧಾನವನ್ನು ಕಡ್ಡಾಯ ಮಾಡಿ, ಸಂಧಾನ ನಡೆದಿರುವಾಗ ಮುಷ್ಕರ ಹೂಡುವುದನ್ನು ಅಪರಾಧವೆಂದು ಸಾರುವ ಮಸೂದೆಯನ್ನು ತಂದಿತು. ಡಾಕ್ಟರ್ ಅಂಬೇಡ್ಕರರು ಅದನ್ನು ಶಾಸನಸಭೆಯಲ್ಲಿ ಕಟುವಾಗಿ ವಿರೋಧಿಸಿದರು. ಕೆಲಸ ಮಾಡಲೊಲ್ಲೆ ಎನ್ನುವವನನ್ನು ಜೈಲಿಗೆ ಕಳಿಸುವುದು ಅವನನ್ನು ಗುಲಾಮನಾಗಿಸಿದಂತೆ ಎಂಬುದು ಅವರ ವಾದದ ಸಾರ. ಅವರ ಸ್ವತಂತ್ರ ಕಾರ್ಮಿಕ ಪಕ್ಷವೂ ಕಮ್ಯುನಿಸ್ಟರೂ ಕೂಡಿ ಆ ವರ್ಷದ ನವೆಂಬರ್ ೭ರಂದು ಮುಂಬಯಿಯಲ್ಲಿ ಮುಷ್ಕರ ನಡೆಸಿದರು. ಇಂದಿನ ಸಂಹಿತೆಯನ್ನು ಓದುವಾಗ ನಮಗೆ ಆ ೧೯೩೮ರ ಮಸೂದೆಯೇ ನೆನಪಿಗೆ ಬರುತ್ತದೆ.

ಸಿಮೆಂಟಿನ ಲೆಕ್ಕ

೧೯೪೭ರ ಕಾಯಿದೆಯಲ್ಲಿ ಮೊದಲು ಒಪ್ಪಿಗೆಯ ಮಧ್ಯಸ್ಥಿಕೆಗೆ ಪ್ರತ್ಯೇಕ ಕಲಮು ಇರಲಿಲ್ಲ. ೧೯೫೬ರ ತಿದ್ದುಪಡಿಯಿಂದ ೧೦-ಎ ಎಂಬ ಕಲಮು ಸೇರಿತು. ೧೯೫೮ರ ಶಿಸ್ತು ಸಂಹಿತೆಯಲ್ಲಿ ಮಾಲೀಕರೂ ಕಾರ್ಮಿಕ ಸಂಘಗಳೂ ತಗಾದೆಗಳನ್ನು ಒಪ್ಪಿಗೆಯಿಂದ ಹರಿಸಿಕೊಳ್ಳುವೆವೆಂದು ಮಾತು ಕೊಟ್ಟರು. ೧೯೬೭ರಲ್ಲಿ ಮಧ್ಯಸ್ಥಿಕೆಯನ್ನು ಬೆಳೆಸಲೆಂದೇ ಒಂದು ರಾಷ್ಟ್ರೀಯ ಮಂಡಲಿಯೂ ಆಯಿತು. ಇಷ್ಟಾದರೂ ಮಾಲೀಕವರ್ಗ ಈ ಬಾಗಿಲನ್ನು ತುಳಿದದ್ದು ಅಪರೂಪಕ್ಕೆ. ಕಾರಣ ಸ್ಪಷ್ಟ. ನ್ಯಾಯಮಂಡಲಿ, ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಹತ್ತು ವರ್ಷ ಕಾಯುವ ಶಕ್ತಿ ಯಾರಿಗೆ ಇದೆಯೋ ಅವನಿಗೆ ಬೇಗ ಮುಗಿಯುವ ನ್ಯಾಯದಿಂದ ಲಾಭವಿಲ್ಲ.

ಆದರೆ ಸಿಮೆಂಟ್ ಉದ್ಯಮದ ಇತಿಹಾಸ ಉಳಿದ ಉದ್ಯಮಗಳಿಗಿಂತ ಕೊಂಚ ಬೇರೆ. ನಮ್ಮ ಭಾಗದ ಓದುಗರು ಇದನ್ನು ತಿಳಿದಿರಬೇಕು. ೧೯೫೮ರಲ್ಲಿ ಸಿಮೆಂಟಿಗೆ ಮೊದಲ ಕೇಂದ್ರ ವೇತನ ಮಂಡಲಿ ಬಂದಿತು, ೧೯೬೪ರಲ್ಲಿ ಎರಡನೆಯದು. ಬಳಿಕ ೧೯೭೦ರ ದಶಕದ ಕೊನೆಯಲ್ಲಿ ಇಡೀ ಉದ್ಯಮದ ಪಗಾರದ ಪ್ರಶ್ನೆಯನ್ನು ಮಧ್ಯಸ್ಥರ ಮುಂದೆ ಇಡಲಾಯಿತು. ಆ ತರುವಾಯ ಸಿಮೆಂಟ್ ತಯಾರಕರ ಸಂಘವೂ ಕಾರ್ಮಿಕರ ರಾಷ್ಟ್ರೀಯ ಒಕ್ಕೂಟಗಳೂ ಕೂಡಿ ಒಡಂಬಡಿಕೆ ಮಾಡಿಕೊಳ್ಳುವ ಪದ್ಧತಿ ಬೆಳೆಯಿತು. ಅಂದರೆ ದೇಶದ ಯಾವ ಮೂಲೆಯ ಸಿಮೆಂಟ್ ಕಾರ್ಖಾನೆಯಲ್ಲಿದ್ದರೂ ಕಾಯಂ ಕಾರ್ಮಿಕನ ಪಗಾರಕ್ಕೆ ಒಂದು ಅಳತೆಗೋಲು ಇದೆ. ಮಧ್ಯಸ್ಥಿಕೆ ನಮ್ಮ ಉದ್ಯಮಕ್ಕೆ ಒಗ್ಗದು ಎನ್ನುವ ಮಾಲೀಕರಿಗೆ ಇದೇ ಉತ್ತರ.

ಆದರೆ ಆ ಅಳತೆಗೋಲಿನ ನೆರಳಿಗೆ ಬಂದವರು ಎಷ್ಟು ಮಂದಿ? ಗುತ್ತಿಗೆ ಕಾರ್ಮಿಕ ಪದ್ಧತಿ ಸಲ್ಲದು, ಚೀಲ ಹೇರುವ ಇಳಿಸುವ ಕೆಲಸಕ್ಕೆ ಮಾತ್ರ ಇರಲಿ ಎಂಬ ಶಿಫಾರಸು ಈ ಉದ್ಯಮದಲ್ಲಿ ವೇತನ ಮಂಡಲಿಯ ಕಾಲದಿಂದಲೂ ಇದೆ. ಇಂದು ಬೆಳಗಿನ ಪಾಳಿಗೆ ಗೇಟಿನಲ್ಲಿ ನಿಂತು ನೋಡಿದವರಿಗೆ ಆ ಶಿಫಾರಸು ಏನಾಯಿತೆಂದು ಹೇಳಬೇಕಾಗಿಲ್ಲ. ಕಾಯಂ ಆದವನ ಪಕ್ಕದಲ್ಲೇ, ಅದೇ ಧೂಳಿನಲ್ಲಿ, ಅದೇ ಬಿಸಿಯಲ್ಲಿ, ಗುತ್ತಿಗೆದಾರನ ಹೆಸರಿನ ಬಿಲ್ಲೆ ಕಟ್ಟಿಕೊಂಡವನು ದುಡಿಯುತ್ತಾನೆ. ೧೯೭೦ರ ಗುತ್ತಿಗೆ ಕಾರ್ಮಿಕ ಕಾಯಿದೆಯು ೨೦ ಮಂದಿ ಇದ್ದಲ್ಲಿ ಅನ್ವಯಿಸುತ್ತಿತ್ತು. ಹೊಸ ಸಂಹಿತೆಯು ಅದನ್ನು ೫೦ಕ್ಕೆ ಏರಿಸಿದೆ. ಉದ್ಯಮದ ಮೂಲ ಕೆಲಸಕ್ಕೆ ಗುತ್ತಿಗೆ ಸಲ್ಲದು ಎಂದು ಹೇಳಿ, ಕೂಡಲೇ ಅದಕ್ಕೆ ಹತ್ತಾರು ಸಡಿಲಿಕೆಗಳನ್ನೂ ಜೋಡಿಸಿದೆ. ಒಂದು ಕಡೆ ನಲವತ್ತೊಂಬತ್ತು, ಇನ್ನೊಂದು ಕಡೆ ನಲವತ್ತೊಂಬತ್ತು ಎಂದು ಜನರನ್ನು ಹಂಚಿಡುವ ಜಾಣತನ ಗುತ್ತಿಗೆದಾರರಿಗೆ ಕಲಿಸಿಕೊಡಬೇಕಾಗಿಲ್ಲ.

ಗಣಿಯೂ ಕಾರ್ಖಾನೆಯೂ ಒಂದೇ

ಸುಪ್ರೀಂ ಕೋರ್ಟಿನ ಒಂದು ಹಳೆಯ ತೀರ್ಪನ್ನು ಇಲ್ಲಿ ಹೇಳಬೇಕು. ಇಂದಿನ ಝಾರ್ಖಂಡಿನಲ್ಲಿರುವ ಝಿಂಕ್‌ಪಾನಿಯಲ್ಲಿ ಎ.ಸಿ.ಸಿ. ಕಂಪನಿಯ ಚಾಯ್‌ಬಾಸಾ ಕಾರ್ಖಾನೆ. ಅದಕ್ಕೆ ಸುಣ್ಣಗಲ್ಲು ಬರುತ್ತಿದ್ದದ್ದು ರಾಜಂಕಾ ಗಣಿಯಿಂದ. ೧೯೫೫ರಲ್ಲಿ ಗಣಿಯ ಕೂಲಿಕಾರರು ಮುಷ್ಕರ ಹೂಡಿದರು. ಕಲ್ಲು ಬಾರದೆ ಕಾರ್ಖಾನೆಯ ಒಂದು ಭಾಗ ನಿಂತಿತು. ಅಲ್ಲಿನವರಿಗೆ ಲೇ-ಆಫ್ ಆಯಿತು. ನಾವು ಮುಷ್ಕರ ಮಾಡಿಲ್ಲ, ನಮಗೆ ಪರಿಹಾರ ಕೊಡಿ ಎಂದು ಕಾರ್ಖಾನೆಯವರು ಕೇಳಿದರು. ೧೯೫೯ರಲ್ಲಿ ಸುಪ್ರೀಂ ಕೋರ್ಟು, ಗಣಿಯೂ ಕಾರ್ಖಾನೆಯೂ ಒಂದೇ ಸಂಸ್ಥೆ, ಒಂದು ಭಾಗದ ಮುಷ್ಕರದಿಂದ ಇನ್ನೊಂದು ಭಾಗ ನಿಂತರೆ ಪರಿಹಾರವಿಲ್ಲ ಎಂದು ಹೇಳಿತು.

ಅಂದು ಕಾರ್ಮಿಕರಿಗೆ ಸೋಲಾಯಿತು. ಆದರೆ ಆ ಸೋಲಿನೊಳಗೇ ಒಂದು ಆಯುಧವಿದೆ. ಪರಿಹಾರ ತಪ್ಪಿಸುವುದಕ್ಕೆ ಗಣಿಯೂ ಕಾರ್ಖಾನೆಯೂ ಒಂದೇ ಆಗುವುದಾದರೆ, ಪಗಾರ ಕೊಡುವುದಕ್ಕೂ ಒಂದೇ ಆಗಬೇಡವೇ? ಸೇಡಮ್, ಚಿತ್ತಾಪುರ, ಚಿಂಚೋಳಿಗಳ ನೆಲದಡಿಯ ಸುಣ್ಣಗಲ್ಲು ಅಗೆಯುವವನು, ಅದನ್ನು ಲಾರಿಗೆ ಹೇರುವವನು, ಕುಲುಮೆಯ ಮುಂದೆ ನಿಂತವನು, ಚೀಲ ತುಂಬುವವನು ಇವರೆಲ್ಲರ ತಗಾದೆ ಒಂದೇ ಎಂದು ಕಾರ್ಮಿಕ ಸಂಘಗಳು ಮೊದಲು ತಾವೇ ಒಪ್ಪಬೇಕು. ಗಣಿಯವನಿಗೊಂದು ಸಂಘ, ಕಾಯಂ ಆದವನಿಗೊಂದು, ಗುತ್ತಿಗೆಯವನಿಗೆ ಯಾವುದೂ ಇಲ್ಲ ಎಂಬ ಸ್ಥಿತಿಯಲ್ಲಿ ಯಾವ ಪಂಚನ ಮುಂದೆ ಹೋದರೂ ಅರ್ಧ ಮಾತು ಹೊರಗೇ ಉಳಿಯುತ್ತದೆ. ಶಹಾಬಾದಿನ ಫರಸಿ ಖಣಿಗಳ ಸ್ಥಿತಿ ಇನ್ನೂ ಹೀನ. ಅಲ್ಲಿ ದಿನಗೂಲಿಯ ಗಂಡಸರೂ ಹೆಂಗಸರೂ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ದುಡಿಯುವುದುಂಟು. ಹೆಸರೇ ಇಲ್ಲದವನ ತಗಾದೆಯನ್ನು ಯಾವ ಕಾಯಿದೆ ಕೇಳೀತು?

ಹೊಸ ಸಂಹಿತೆ ಏನು ಮಾಡಿದೆ?

ಹೊಸ ಸಂಹಿತೆಯಲ್ಲಿ ಕೆಲವು ಒಳ್ಳೆಯ ಮಾತುಗಳಿಲ್ಲದಿಲ್ಲ. ಮೊದಲು ಸಂಧಾನ ಮುರಿದ ಮೇಲೆ ವಿವಾದವನ್ನು ನ್ಯಾಯಮಂಡಲಿಗೆ ಒಪ್ಪಿಸಬೇಕೋ ಬೇಡವೋ ಎಂಬುದು ಸಾಮಾನ್ಯವಾಗಿ ಸರಕಾರದ ಮರ್ಜಿಯಲ್ಲಿತ್ತು. ಕಡತ ತಿಂಗಳುಗಟ್ಟಲೆ ಕೂತಿರುತ್ತಿತ್ತು. ಈಗ ಸಂಧಾನಾಧಿಕಾರಿಯ ವರದಿ ಬಂದ ೯೦ ದಿನದೊಳಗೆ ಕಾರ್ಮಿಕರೇ ನೇರವಾಗಿ ನ್ಯಾಯಮಂಡಲಿಗೆ ಹೋಗಬಹುದು. ಇಪ್ಪತ್ತು ಮಂದಿ ಅಥವಾ ಹೆಚ್ಚು ಜನ ಇರುವಲ್ಲಿ ಎರಡೂ ಕಡೆಯವರು ಸಮಸಮವಾಗಿ ಕೂಡುವ ಅಹವಾಲು ಸಮಿತಿ ಇರಬೇಕು. ಒಪ್ಪಿಗೆಯ ಮಧ್ಯಸ್ಥಿಕೆಗೂ ೪೨ನೆಯ ಕಲಮಿನಲ್ಲಿ ಜಾಗವಿದೆ.

ಆದರೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದಿದೆ. ಹಿಂದೆ ಮುಷ್ಕರಕ್ಕೆ ಕಡ್ಡಾಯ ನೋಟೀಸು ಸಾರ್ವಜನಿಕ ಉಪಯೋಗಿ ಸೇವೆಗಳಿಗೆ ಮಾತ್ರ ಇತ್ತು. ಸಿಮೆಂಟನ್ನು ಸರಕಾರ ಬೇಕೆಂದಾಗ ಆರು ತಿಂಗಳಿನ ಮಟ್ಟಿಗೆ ಆ ಪಟ್ಟಿಗೆ ಸೇರಿಸಬಹುದಾಗಿತ್ತು. ಈಗ ಎಲ್ಲ ಕಾರ್ಖಾನೆಗಳಿಗೂ ಹದಿನಾಲ್ಕು ದಿನದ ನೋಟೀಸು. ನೋಟೀಸು ಕೊಟ್ಟ ಮೇಲೆ ಸಂಧಾನ ಆರಂಭ. ಸಂಧಾನ ನಡೆದಿರುವಾಗಲೂ ಅದು ಮುಗಿದ ಏಳು ದಿನವೂ ಮುಷ್ಕರ ಕೂಡದು. ಅಷ್ಟರಲ್ಲಿ ಯಾವುದೇ ಕಡೆಯವರು, ಅಂದರೆ ಮಾಲೀಕನೇ, ನ್ಯಾಯಮಂಡಲಿಗೆ ಅರ್ಜಿ ಹಾಕಿದನೆನ್ನಿ. ಅದು ನಡೆದಿರುವಷ್ಟು ಕಾಲ ಮತ್ತು ಮುಗಿದ ಅರವತ್ತು ದಿನ ಮುಷ್ಕರ ಕೂಡದು. ಅರ್ಧಕ್ಕರ್ಧ ಮಂದಿ ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರವೇ. ಕಾನೂನುಬಾಹಿರ ಮುಷ್ಕರಕ್ಕೆ ಸಾವಿರದಿಂದ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಒಂದು ತಿಂಗಳ ತನಕ ಜೈಲು, ಅಥವಾ ಎರಡೂ. ಮುಷ್ಕರದ ಹಕ್ಕನ್ನು ತೆಗೆದಿಲ್ಲವೆಂದು ಸರಕಾರ ಹೇಳುತ್ತದೆ. ಬಾವಿಯನ್ನು ಮುಚ್ಚಿಲ್ಲ ನಿಜ, ಹಗ್ಗವನ್ನು ಮಾತ್ರ ಒಯ್ದಿದೆ.

ಇನ್ನು ಮಾತುಕತೆಯ ಹಕ್ಕು. ಕಾರ್ಖಾನೆಯ ಕಾರ್ಮಿಕರಲ್ಲಿ ಶೇಕಡಾ ೫೧ ಮಂದಿಯ ಬೆಂಬಲವಿರುವ ಸಂಘವೇ ಮಾತುಕತೆಯ ಏಕೈಕ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ, ಶೇಕಡಾ ೨೦ರಷ್ಟಾದರೂ ಬೆಂಬಲವಿರುವ ಸಂಘಗಳ ಮಾತುಕತೆ ಮಂಡಲಿ. ನಮ್ಮ ಭಾಗದಲ್ಲಿ ಒಂದು ಗೇಟಿಗೆ ಮೂರು ನಾಲ್ಕು ಬಾವುಟಗಳು. ಜಾತಿಯ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ, ಪಕ್ಷದ ಹೆಸರಿನಲ್ಲಿ ಹಂಚಿಹೋದ ಸಂಘಗಳಿಗೆ ಇಪ್ಪತ್ತರ ಗೆರೆಯೂ ದಾಟದೆ ಹೋದೀತು. ಆಗ ಮಾಲೀಕನಿಗೆ ಮೆಚ್ಚಿಗೆಯಾದ ಸಂಘವೊಂದು ಐವತ್ತೊಂದನ್ನು ಹೊಂದಿಸಿಕೊಂಡು ಎಲ್ಲರ ಪರವಾಗಿ ಸಹಿ ಮಾಡುವುದು ಕಷ್ಟವೇನಲ್ಲ. ಸಮಾಜವಾದಿಗಳಾದ ನಾವು ೧೯೪೮ರಲ್ಲಿ ಹಿಂದ್ ಮಜ್ದೂರ್ ಸಭೆ ಹುಟ್ಟಿದಾಗಿನಿಂದಲೂ, ಸಂಘದ ಪ್ರಾತಿನಿಧ್ಯವನ್ನು ಗುಪ್ತ ಮತದಾನದಿಂದ ತೀರ್ಮಾನಿಸಿ ಎನ್ನುತ್ತ ಬಂದವರ ಸಾಲಿನಲ್ಲಿದ್ದೇವೆ. ಆ ಮತದಲ್ಲಿ ಗುತ್ತಿಗೆಯವನಿಗೂ ಓಟು ಬೇಕೆಂಬುದು ನಮ್ಮ ಇಂದಿನ ತಗಾದೆ.

ಗೇಟಿನ ಹಲಗೆ ಬದಲಾದರೆ

ಕೆಲವೇ ವರ್ಷಗಳಲ್ಲಿ ನಮ್ಮ ಸುತ್ತಲಿನ ಗೇಟುಗಳ ಹಿಂದಿನ ಒಡೆತನಗಳು ಬದಲಾದವು. ವಾಡಿಯಲ್ಲಿ ಕಾರ್ಖಾನೆ ನಡೆಸುವ ಎ.ಸಿ.ಸಿ. ೨೦೨೨ರಲ್ಲಿ ಅದಾನಿ ಗುಂಪಿನ ವಶವಾಯಿತು. ಸೇಡಮ್ಮಿನ ವಾಸವದತ್ತಾ ಸಿಮೆಂಟು ೨೦೨೫ರಲ್ಲಿ ಕೇಶೋರಾಮಿನಿಂದ ಅಲ್ಟ್ರಾಟೆಕ್ಕಿಗೆ ಹೋಯಿತು. ಮಳಖೇಡ ರಸ್ತೆಯ ರಾಜಶ್ರೀ ಕಾರ್ಖಾನೆ ಅದಕ್ಕೂ ಮೊದಲೇ ಅಲ್ಟ್ರಾಟೆಕ್ಕಿನದು. ಚಿತ್ತಾಪುರ ತಾಲೂಕಿನ ಇಟಗಾದಲ್ಲಿ ಕಾರ್ಖಾನೆಯಿರುವ ಓರಿಯಂಟ್ ಸಿಮೆಂಟು ಅದೇ ೨೦೨೫ರಲ್ಲಿ ಅದಾನಿ ಗುಂಪಿನ ಅಂಬುಜಾದ ಹಿಡಿತಕ್ಕೆ ಬಂದಿತು. ಎದುರಿಗೆ ಕೂಡುವ ಮಾಲೀಕರ ಸಂಖ್ಯೆ ಕಡಿಮೆಯಾಯಿತು, ಅವರ ಬಲ ಹೆಚ್ಚಾಯಿತು.

ಇಂಥ ಸಂದರ್ಭದಲ್ಲಿ ಒಂದು ನಿಯಮವನ್ನು ಕಾರ್ಮಿಕರು ನೆನಪಿಡಬೇಕು. ಸಂಧಾನಾಧಿಕಾರಿಯ ಮುಂದೆ ಆದ ಒಡಂಬಡಿಕೆಯು ಸಹಿ ಹಾಕಿದ ಮಾಲೀಕನಿಗಷ್ಟೇ ಅಲ್ಲ, ಅವನ ಉತ್ತರಾಧಿಕಾರಿಗೂ ಬಂಧಿಸುತ್ತದೆ; ಸಹಿ ಹಾಕದ ಸಂಘದ ಸದಸ್ಯನಿಗೂ, ನಾಳೆ ಕೆಲಸಕ್ಕೆ ಸೇರುವವನಿಗೂ ಅದರ ಲಾಭವುಂಟು. ಸಂಧಾನದ ಹೊರಗೆ, ಮ್ಯಾನೇಜರನ ಕೋಣೆಯಲ್ಲಿ ಆದ ಖಾಸಗಿ ಒಪ್ಪಂದಕ್ಕೆ ೧೯೪೭ರ ಕಾಯಿದೆಯಡಿಯಲ್ಲೇ ಆ ವ್ಯಾಪ್ತಿ ಇರಲಿಲ್ಲ. ಅದು ಸಹಿ ಹಾಕಿದವರನ್ನು ಮಾತ್ರ ಕಟ್ಟುತ್ತಿತ್ತು. ಆದುದರಿಂದ ಹಳೆಯ ಮಾಲೀಕರ ಕಾಲದ ಎಲ್ಲ ಒಡಂಬಡಿಕೆಗಳ ಪ್ರತಿಗಳನ್ನು ಪ್ರತಿ ಸಂಘವೂ ಈಗಲೇ ಕೂಡಿಸಿಡಲಿ. ಕಾಗದ ಕಳೆದವನು ಹಕ್ಕನ್ನೂ ಕಳೆದುಕೊಂಡಂತೆಯೇ.

ಬೆಂಗಳೂರು ದೂರ

ಸಿಮೆಂಟು ೧೯೭೭ರಿಂದ ಕೇಂದ್ರ ಸರಕಾರದ ಕಾರ್ಮಿಕ ಆಡಳಿತಕ್ಕೆ ಸೇರಿದ ಉದ್ಯಮ. ಗಣಿಗಳೂ ಹಾಗೆಯೇ. ಹೀಗಾಗಿ ಕಲಬುರಗಿಯಲ್ಲೇ ರಾಜ್ಯದ ಕಾರ್ಮಿಕ ನ್ಯಾಯಾಲಯ ಇದ್ದರೂ ನಮ್ಮ ಸಿಮೆಂಟ್ ಕಾರ್ಮಿಕನ ವಿವಾದ ಬೆಂಗಳೂರಿನ ಕೇಂದ್ರ ಔದ್ಯೋಗಿಕ ನ್ಯಾಯಮಂಡಲಿಗೆ ಹೋಗುತ್ತ ಬಂದಿದೆ. ಕೆಲಸ ಕಳೆದುಕೊಂಡ ಒಬ್ಬ ಬಡವ ಪ್ರತಿ ತಾರೀಖಿಗೂ ಆರುನೂರು ಕಿಲೋಮೀಟರಿನಷ್ಟು ದೂರ ರೈಲು ಹತ್ತಿ, ವಕೀಲರ ಮನೆ ಹುಡುಕಿ, ಸಾಕ್ಷಿಯ ಖರ್ಚನ್ನೂ ಹೊತ್ತು, ಮುಂದಿನ ತಾರೀಖು ಬರೆಸಿಕೊಂಡು ಮರಳಬೇಕು. ಕಂಪನಿಯ ವಕೀಲನಿಗೆ ಅದು ಬೀದಿ ದಾಟಿದಷ್ಟು ಸುಲಭ. ಹೈಕೋರ್ಟಿನ ಪೀಠವೇ ೨೦೦೮ರಲ್ಲಿ ಕಲಬುರಗಿಗೆ ಬಂದಿತು, ೨೦೧೩ರಲ್ಲಿ ಕಾಯಂ ಆಯಿತು. ಹೈಕೋರ್ಟು ಬರಬಹುದಾದರೆ ನ್ಯಾಯಮಂಡಲಿ ಏಕೆ ಬಾರದು? ಹೊಸ ಸಂಹಿತೆಯ ಪ್ರಕಾರ ಇಬ್ಬರು ಸದಸ್ಯರ ನ್ಯಾಯಮಂಡಲಿಗಳು ಏರ್ಪಡಬೇಕಾಗಿವೆ. ಅವುಗಳಲ್ಲೊಂದು ಕಲಬುರಗಿಯಲ್ಲಿ ಇರಲೇಬೇಕು. ತಿಂಗಳಿಗೊಮ್ಮೆ ಶಹಾಬಾದಿನಲ್ಲೋ ವಾಡಿಯಲ್ಲೋ ಕೂಡಬೇಕು. ಈ ಭಾಗದ ಲೋಕಸಭಾ ಸದಸ್ಯರೂ ಶಾಸಕರೂ ಇದನ್ನೊಂದು ಮಾತಾಗಿ ಹಿಡಿಯಲಿ.

ನ್ಯಾಯಮಂಡಲಿ ದೂರವಿರುವುದರಿಂದಲೇ ನಮಗೆ ಮಧ್ಯಸ್ಥಿಕೆ ಹೆಚ್ಚು ಬೇಕು. ಆದರೆ ಮಧ್ಯಸ್ಥನೂ ತಪ್ಪಬಲ್ಲ ಎಂಬುದಕ್ಕೆ ಗುಜರಾತ್ ಸ್ಟೀಲ್ ಟ್ಯೂಬ್ಸ್ ಪ್ರಕರಣವೇ ಸಾಕ್ಷಿ. ಅಲ್ಲಿ ೧೯೭೩ರಲ್ಲಿ ಮುಷ್ಕರ ಹೂಡಿದ ನೂರಾರು ಜನರನ್ನು ಕಂಪನಿ ಹೊರಹಾಕಿತು. ಎರಡೂ ಕಡೆಯವರು ಒಪ್ಪಿ ಮಧ್ಯಸ್ಥನನ್ನು ಆರಿಸಿದರು. ಅವನು ಕಂಪನಿಯದೇ ಸರಿ ಎಂದನು. ಹೈಕೋರ್ಟು ಅದನ್ನು ತಳ್ಳಿಹಾಕಿತು. ೧೯೭೯ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಕಾರ್ಮಿಕರ ಕೈ ಹಿಡಿಯಿತು. ಶಿಕ್ಷೆ ಹೆಚ್ಚಾಯಿತೆಂದು ಕಂಡರೆ ಅದನ್ನು ಇಳಿಸುವ ಅಧಿಕಾರ ಮಧ್ಯಸ್ಥನಿಗೂ ಇದೆಯೆಂದು ಆ ತೀರ್ಪು ಸಾರಿತು. ಗೆದ್ದದ್ದು ನಿಜ, ಆದರೆ ಆರು ವರ್ಷ ಕಳೆದಿತ್ತು. ಪಂಚನನ್ನು ಆರಿಸುವಾಗಲೇ ಕಣ್ಣು ತೆರೆದಿರಬೇಕು ಎಂಬುದು ಇದರ ಪಾಠ.

ಸರಕಾರವೂ ತೀರ್ಪಿಗೆ ತಲೆಬಾಗಬೇಕು ಎಂಬ ಮಾತಿಗೂ ಒಂದು ನಿದರ್ಶನವಿದೆ. ೧೯೫೪ರಲ್ಲಿ ಬ್ಯಾಂಕ್ ನೌಕರರ ಪರವಾದ ಮೇಲ್ಮನವಿ ನ್ಯಾಯಮಂಡಲಿಯ ತೀರ್ಪನ್ನು ಕೇಂದ್ರ ಸರಕಾರ ತಿದ್ದಿದಾಗ ಕಾರ್ಮಿಕ ಮಂತ್ರಿ ವಿ. ವಿ. ಗಿರಿಯವರು ಪದವಿಯನ್ನೇ ಬಿಟ್ಟರು. ಕಡ್ಡಾಯದ ತೀರ್ಪಿಗಿಂತ ಎರಡೂ ಕಡೆಯವರ ನೇರ ಮಾತುಕತೆಯನ್ನೇ ನೆಚ್ಚಿದ್ದ ಮನುಷ್ಯ ಅವರು. ಆದರೂ ಕೊಟ್ಟ ತೀರ್ಪನ್ನು ಮುರಿಯುವುದು ಸಲ್ಲದೆಂದರು. ಅಂಥ ಮಂತ್ರಿಗಳು ಈಗ ಎಲ್ಲಿದ್ದಾರೆ?

ವ್ಯಾಪಾರಿ ಮಿತ್ರರಿಗೆ

ಇದು ಗೇಟಿನ ಒಳಗಿನ ಜಗಳ, ನಮಗೇನು ಎಂದು ಅಂಗಡಿಕಾರರು ಹೇಳಬಾರದು. ಸೇಡಮ್ ತಾಲೂಕಿನ ಕುರಕುಂಟಾವನ್ನು ನೋಡಿ. ಅಲ್ಲಿ ಭಾರತ ಸರಕಾರದ್ದೇ ಆದ ಸಿಮೆಂಟ್ ಕಾರ್ಪೊರೇಷನ್ನಿನ ಕಾರ್ಖಾನೆ ಇತ್ತು. ೧೯೯೬ರಲ್ಲಿ ಕಾರ್ಪೊರೇಷನ್ನು ರೋಗಗ್ರಸ್ತ ಉದ್ಯಮಗಳ ಮಂಡಲಿಯ ಮುಂದೆ ಹೋಯಿತು, ೧೯೯೮ರಲ್ಲಿ ಕುರಕುಂಟಾದ ಕುಲುಮೆ ಆರಿತು, ೨೦೦೬ರ ಪುನಶ್ಚೇತನ ಯೋಜನೆಯಲ್ಲಿ ಮುಚ್ಚಿ ಮಾರತಕ್ಕ ಏಳು ಘಟಕಗಳ ಪಟ್ಟಿಗೆ ಅದರ ಹೆಸರು ಸೇರಿತು. ಗಡಿಯಾಚೆಯ ತಾಂಡೂರಿನ ಘಟಕ ಉಳಿಯಿತು, ನಮ್ಮದು ಹೋಯಿತು. ಕಲಬುರಗಿಯ ಎಂ.ಎಸ್.ಕೆ. ಗಿರಣಿಯ ಕತೆಯೂ ಇದೇ ಜಾತಿಯದು. ೧೯೭೪ರಲ್ಲಿ ರಾಷ್ಟ್ರೀಕರಣವಾಗಿಯೂ ಅದು ಬದುಕಲಿಲ್ಲ, ಈಗ ಅದು ಬಡಾವಣೆಯ ಹೆಸರಾಗಿ ಮಾತ್ರ ಉಳಿದಿದೆ.

ಕಾರ್ಖಾನೆ ಮುಚ್ಚಿದರೆ ಮೊದಲು ನಿಲ್ಲುವುದು ಕುಲುಮೆ. ಎರಡನೆಯದಾಗಿ ನಿಲ್ಲುವುದು ಕಿರಾಣಿ ಅಂಗಡಿಯ ಉದ್ರಿ ಖಾತೆಯ ವಸೂಲಿ. ಚಹದಂಗಡಿ, ಕ್ಷೌರದಂಗಡಿ, ಸೈಕಲ್ ರಿಪೇರಿ, ಬಟ್ಟೆಯಂಗಡಿ ಇವೆಲ್ಲ ಪಗಾರದ ದಿನವನ್ನು ನೋಡಿಕೊಂಡು ಬದುಕುವವು. ಹಿಂದೆ ನೂರು ಮಂದಿ ದುಡಿಯುವ ಕಾರ್ಖಾನೆಯನ್ನು ಮುಚ್ಚಲು ಸರಕಾರದ ಪರವಾನಗಿ ಬೇಕಿತ್ತು. ಈಗ ಮುನ್ನೂರು ಮಂದಿ ಇದ್ದರೆ ಮಾತ್ರ ಬೇಕು. ಆ ಗೆರೆಯ ಕೆಳಗಿನ ಸಣ್ಣ ಕಾರ್ಖಾನೆಗಳೂ ಪಾಲಿಶ್ ಘಟಕಗಳೂ ಪರವಾನಗಿಯಿಲ್ಲದೆ ಬಾಗಿಲು ಹಾಕಬಹುದು. ಆಗ ಮುಳುಗುವ ಬಾಕಿಗೆ ಯಾವ ಪಂಚನೂ ಇಲ್ಲ. ಆದುದರಿಂದ ವ್ಯಾಪಾರಿ ಸಂಘಗಳು ತಗಾದೆ ಹುಟ್ಟಿದ ದಿನವೇ ಎರಡೂ ಕಡೆಯವರಿಗೂ, ಪಂಚನನ್ನು ಆರಿಸಿಕೊಳ್ಳಿ ಎಂದು ಒತ್ತಾಯ ಹಾಕಲಿ. ಮುಷ್ಕರದ ಮೂವತ್ತನೆಯ ದಿನ ಶಾಂತಿಸಭೆ ಕರೆಯುವುದಕ್ಕಿಂತ ಇದು ಒಳ್ಳೆಯದು. ಬಾಕಿ ತೀರಬೇಕೆಂದರೆ ಪಗಾರ ಏರಬೇಕು. ಕೂಲಿಕಾರನ ಕೈಗೆ ಬಂದ ದುಡ್ಡು ಮುಂಬಯಿಗೆ ಹೋಗುವುದಿಲ್ಲ, ಸೇಡಮ್ಮಿನ ಬಜಾರಿನಲ್ಲೇ ಇಳಿಯುತ್ತದೆ.

ನಮ್ಮ ಷರತ್ತುಗಳು

ಇಷ್ಟನ್ನೂ ಯೋಚಿಸಿ ನಾವು ಹೇಳುವುದಿಷ್ಟು. ಮಧ್ಯಸ್ಥಿಕೆಗೆ ನಮ್ಮ ಒಪ್ಪಿಗೆಯಿದೆ. ಆದರೆ ಐದು ಷರತ್ತುಗಳೊಡನೆ.

ಒಂದು, ಪಂಚನನ್ನು ಎರಡೂ ಕಡೆಯವರು ಒಪ್ಪಿ ಆರಿಸಬೇಕು. ಕಂಪನಿಯ ಲೆಕ್ಕ ತಪಾಸಣೆ ಮಾಡುವವನು, ಕಂಪನಿಯ ಗುತ್ತಿಗೆದಾರ, ಚುನಾವಣೆಗೆ ನಿಂತವನು ಪಂಚನಾಗಕೂಡದು.

ಎರಡು, ಒಪ್ಪಂದದಲ್ಲಿ ಗಡುವು ಇರಬೇಕು. ಮೂರು ತಿಂಗಳಲ್ಲಿ ತೀರ್ಪು ಬಾರದಿದ್ದರೆ ಎರಡೂ ಕಡೆಯವರು ಮತ್ತೆ ಸ್ವತಂತ್ರರು.

ಮೂರು, ನಡುಗಾಲದ ಪಗಾರವನ್ನು ಅಹಮದಾಬಾದಿನಂತ ಮೊದಲೇ ಬರೆಯಬೇಕು. ತಗಾದೆ ನಡೆದಿರುವಾಗ ಯಾರನ್ನೂ ಕೆಲಸದಿಂದ ತೆಗೆಯಕೂಡದು.

ನಾಲ್ಕು, ಕಾಯಂ, ಗುತ್ತಿಗೆ, ಗಣಿ ಮೂವರ ಪ್ರತಿನಿಧಿಗಳೂ ಪಂಚನ ಮುಂದೆ ಮಾತಾಡಬೇಕು. ಒಡಂಬಡಿಕೆಯ ಕರಡನ್ನು ಕನ್ನಡದಲ್ಲಿ ಬರೆದು ಗೇಟ್ ಸಭೆಯಲ್ಲಿ ಓದಿ, ಕೈ ಎತ್ತಿಸಿ ಒಪ್ಪಿಗೆ ಪಡೆದ ಮೇಲೆಯೇ ಸಹಿ.

ಐದು, ಪಗಾರದ ಪ್ರಶ್ನೆಯಾದರೆ ಕಂಪನಿಯು ಲೆಕ್ಕದ ಪುಸ್ತಕಗಳನ್ನು ಪಂಚನ ಮುಂದೆ ಬಿಚ್ಚಬೇಕು. ಬೋನಸ್ಸಿನ ಲೆಕ್ಕ ಹೇಗಿರಬೇಕೆಂದು ೧೯೫೯ರಲ್ಲಿ ಸುಪ್ರೀಂ ಕೋರ್ಟು ವಿವರವಾಗಿ ಚರ್ಚಿಸಿದ್ದು ಎ.ಸಿ.ಸಿ.ಯದೇ ದ್ವಾರಕಾ ಕಾರ್ಖಾನೆಯ ಪ್ರಕರಣದಲ್ಲಿ. ಲಾಭ ನಷ್ಟದ ಪಟ್ಟಿ ನೋಡದೆ ನ್ಯಾಯ ಹೇಳುವುದು ತಕ್ಕಡಿಯಿಲ್ಲದೆ ತೊಗರಿ ತೂಗಿದಂತೆ ಎಂಬುದು ವ್ಯಾಪಾರಿಗಳಿಗೆ ನಾವು ಹೇಳಿಕೊಡಬೇಕಾದ ಮಾತಲ್ಲ.

ಈ ಐದಕ್ಕೆ ಒಪ್ಪುವ ಮಾಲೀಕನೊಡನೆ ನಾಳೆಯೇ ಕೂಡಲು ಕಾರ್ಮಿಕರು ಸಿದ್ಧರಿರಬೇಕು. ಒಪ್ಪದ ಮಾಲೀಕನ ಮುಂದೆ, ನೋಟೀಸಿನ ಹದಿನಾಲ್ಕು ದಿನಗಳನ್ನು ಕಾಯಿದೆಯಂತೆ ಎಣಿಸಿಯೇ, ತಮ್ಮ ಬಲವನ್ನು ತೋರಿಸಲೂ ಸಿದ್ಧರಿರಬೇಕು. ಇವೆರಡೂ ಒಂದೇ ಸಿದ್ಧತೆ. ಮುಷ್ಕರಕ್ಕೆ ತಯಾರಿಲ್ಲದ ಸಂಘವನ್ನು ಯಾವ ಮಾಲೀಕನೂ ಪಂಚನ ತನಕ ಕರೆದೊಯ್ಯುವುದಿಲ್ಲ. ಪಂಚನ ಮುಂದೆ ಹೋಗಲು ಒಪ್ಪದ ಸಂಘವನ್ನು ಊರು ಬೆಂಬಲಿಸುವುದಿಲ್ಲ.

ಐದು ಊರುಗಳ ಎಲ್ಲ ಸಂಘಗಳ ಪದಾಧಿಕಾರಿಗಳನ್ನು ನಾವು ಕೇಳಿಕೊಳ್ಳುವುದು ಇಷ್ಟೇ: ಬಾವುಟಗಳನ್ನು ಮಡಿಚಬೇಡಿ, ಆದರೆ ಸದಸ್ಯರ ಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಇಡಿ. ಗುತ್ತಿಗೆಯವನ ಹೆಸರನ್ನೂ ಗಣಿಯ ಹೆಂಗಸಿನ ಹೆಸರನ್ನೂ ಅದರಲ್ಲಿ ಬರೆಯಿರಿ. ಐವತ್ತೊಂದರ ಲೆಕ್ಕವನ್ನು ಮಾಲೀಕನು ಮಾಡುವ ಮೊದಲು ನಾವೇ ಮಾಡೋಣ. ಸಭೆ ಎಲ್ಲಿ ಕೂಡಬೇಕೆಂಬ ಚರ್ಚೆ ಬೇಡ. ವಾಡಿ ಜಂಕ್ಷನ್ನಿಗೆ ಎಲ್ಲ ಕಡೆಯಿಂದಲೂ ರೈಲು ಇದೆ.